ಸಭೆಯಿಲ್ಲದ ವಾದ

ಈ ಸಂವಾದ ನಡೆದದ್ದು ಮಿರ್ಲೆಯಲ್ಲಿ, ಹೈಸ್ಕೂಲಿನಿಂದ ನಿವೃತ್ತರಾದ ಕನ್ನಡ ಪಂಡಿತರೊಬ್ಬರ ಮನೆಯ ಜಗುಲಿಯ ಮೇಲೆ. ಊರಿನವರೆಲ್ಲ ಅವರನ್ನು ಮೇಷ್ಟ್ರೆಂದೇ ಕರೆಯುತ್ತಾರಾದ್ದರಿಂದ ಇಲ್ಲಿಯೂ ಆ ಹೆಸರನ್ನೇ ಉಳಿಸಿಕೊಂಡಿದೆ. ಇನ್ನೊಬ್ಬರು ಅವರ ಕೈಕೆಳಗೆ ಓದಿ, ಈಗ ಕೃಷ್ಣರಾಜನಗರದ ನ್ಯಾಯಾಲಯದಲ್ಲಿ ವಕೀಲಿವೃತ್ತಿ ನಡೆಸುತ್ತಿರುವವರು.

ವಕೀಲರು: ಮೇಷ್ಟ್ರೇ, ಮೊನ್ನೆ ಶಾಲೆಯ ವಾರ್ಷಿಕೋತ್ಸವದಲ್ಲಿ ಟೆಲಿವಿಷನ್ನಿನ ರಾಜಕೀಯ ಚರ್ಚೆಗಳನ್ನು ಕುರಿತು ತಾವು ಆಡಿದ ಮಾತುಗಳಲ್ಲಿ ಬಹುಪಾಲು ನನಗೂ ಸಮ್ಮತವೇ. ಆದರೆ ಕೊನೆಗೆ, ಇಂಥ ಚರ್ಚೆಗಳು ನಾಳೆಯಿಂದ ನಿಂತುಹೋದರೂ ನಾಡಿಗೆ ಯಾವ ನಷ್ಟವೂ ಇಲ್ಲವೆಂದು ತೀರ್ಪು ಕೊಟ್ಟಿರಲ್ಲ, ಅದನ್ನು ಮಾತ್ರ ನಾನು ಒಪ್ಪಲಾರೆ.

ಮೇಷ್ಟ್ರು: ಒಪ್ಪಬೇಡ. ಆದರೆ ಒಪ್ಪದಿರುವುದಕ್ಕೆ ಆಧಾರವೇನೆಂಬುದನ್ನು ಹೇಳು.

ವಕೀಲರು: ಆಧಾರ ನಮ್ಮ ಮನೆಯಲ್ಲೇ ಇದೆ. 2019ರ ಜುಲೈ ತಿಂಗಳನ್ನು ನೆನಪು ಮಾಡಿಕೊಳ್ಳಿ. ಅಂದಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರು ಮಂಡಿಸಿದ ವಿಶ್ವಾಸಮತದ ಪ್ರಸ್ತಾಪ 18ನೆಯ ತಾರೀಖು ವಿಧಾನಸಭೆಯ ಮುಂದೆ ಬಂದದ್ದು ಮೊದಲ್ಗೊಂಡು, 23ನೆಯ ತಾರೀಖಿನ ಸಂಜೆ 99ಕ್ಕೆ ಎದುರಾಗಿ 105 ಮತಗಳು ಬಿದ್ದು ಸರಕಾರ ಉರುಳುವವರೆಗೆ, ಸದನ ಕೂಡಿದ ಅಷ್ಟು ದಿನವೂ ನಮ್ಮ ತಾಯಿ ಟಿ.ವಿ.ಯ ಮುಂದಿನಿಂದ ಏಳಲಿಲ್ಲ. ಸೊಪ್ಪು ಬಿಡಿಸುವುದೂ ಅಲ್ಲಿಯೇ, ಅಕ್ಕಿ ಆರಿಸುವುದೂ ಅಲ್ಲಿಯೇ. ಅವರಿಗೆ ಅಕ್ಷರ ಬಾರದೆಂಬುದು ತಮಗೆ ಗೊತ್ತು. ಪತ್ರಿಕೆಯೆಂಬುದು ಅವರ ಪಾಲಿಗೆ ಐವತ್ತು ವರ್ಷ ಮುಚ್ಚಿದ ಬಾಗಿಲಾಗಿತ್ತು. ಅವರ ತವರು ಹುಣಸೂರು ತಾಲ್ಲೂಕು. 2018ರಲ್ಲಿ ಹುಣಸೂರಿನಿಂದ ಆರಿಸಿಬಂದಿದ್ದ ಅಡಗೂರು ವಿಶ್ವನಾಥರು ಆಗ ರಾಜೀನಾಮೆ ಕೊಟ್ಟ ಶಾಸಕರ ಗುಂಪಿನಲ್ಲಿದ್ದುದರಿಂದ, ತವರಿನ ವ್ಯಾಜ್ಯವನ್ನು ಕೇಳುವ ಆಸ್ಥೆಯಿಂದಲೇ ಅವರು ಕೇಳುತ್ತಿದ್ದರು. ಮೂರನೆಯ ದಿನವೋ ನಾಲ್ಕನೆಯ ದಿನವೋ ನನ್ನನ್ನು ಕರೆದು, “ಅವ್ರು ರಾಜೀನಾಮೆ ಕೊಟ್ರು, ಇವ್ರು ತಕಳಾಕಿಲ್ಲ ಅಂದ್ರು, ಕೋರ್ಟು ಇನ್ನೇನೋ ಅಂತು, ಓಟಾಕ್ದೋರ್ನ ಒಬ್ರಾದ್ರೂ ಒಂದ್ ಮಾತ್ ಕೇಳುದ್ರೇನಪ್ಪ?” ಎಂದು ಪ್ರಶ್ನಿಸಿದರು. ಪಕ್ಷಾಂತರ ನಿಷೇಧದ ಕಾನೂನನ್ನು ನಾನು ಕಾಲೇಜಿನಲ್ಲಿ ಓದಿ ಪರೀಕ್ಷೆ ಬರೆದವನು. ಆ ಕಾನೂನಿನಲ್ಲಿ ಪಕ್ಷವುಂಟು, ಸಭಾಧ್ಯಕ್ಷರುಂಟು, ನ್ಯಾಯಾಲಯವುಂಟು, ಮತದಾರನೆಂಬುವನು ಮಾತ್ರ ಎಲ್ಲಿಯೂ ಇಲ್ಲವೆಂಬುದು ಅವರು ಕೇಳುವವರೆಗೆ ನನಗೆ ಹೊಳೆದಿರಲಿಲ್ಲ. ಆ ಪ್ರಶ್ನೆಯನ್ನು ಅವರಲ್ಲಿ ಹುಟ್ಟಿಸಿದ್ದು ಟೆಲಿವಿಷನ್ನು. ಅದನ್ನು ಆರಿಸಿಬಿಡಿ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಮೇಷ್ಟ್ರು: ನಿಮ್ಮ ತಾಯಿಯ ಪ್ರಶ್ನೆ ಅಮೂಲ್ಯವಾದದ್ದು, ಅದನ್ನು ಮತ್ತೆ ಎತ್ತಿಕೊಳ್ಳೋಣ. ಆದರೆ ಅವರು ನೋಡಿದ್ದು ಏನನ್ನು? ವಿಧಾನಸಭೆಯನ್ನು. ಅಲ್ಲಿ ಒಂದು ಪ್ರಸ್ತಾಪವಿತ್ತು. ಆ ಪ್ರಸ್ತಾಪದ ಮೇಲಲ್ಲದೆ ಬೇರೊಂದರ ಮೇಲೆ ಮಾತನಾಡಿದವನನ್ನು ತಡೆಯುವ ಸಭಾಧ್ಯಕ್ಷರಿದ್ದರು, ಆಗ ರಮೇಶ್ ಕುಮಾರರು. ಆಡಿದ ಪ್ರತಿಯೊಂದು ಮಾತನ್ನೂ ಬರೆದಿಡುವ ವರದಿಗಾರರಿದ್ದರು. ಕಟ್ಟಕಡೆಗೆ ಎಣಿಕೆಯಾಗಿ ಒಂದು ನಿರ್ಣಯ ಹೊರಬಿತ್ತು. ಟೆಲಿವಿಷನ್ನು ಅಲ್ಲಿ ಕೇವಲ ಕಿಟಕಿಯಾಗಿತ್ತು. ನಾನು ಆಕ್ಷೇಪಿಸುತ್ತಿರುವುದು ರಾತ್ರಿ ಒಂಬತ್ತು ಗಂಟೆಗೆ ಸ್ಟುಡಿಯೋದಲ್ಲಿ ಟೆಲಿವಿಷನ್ನು ತಾನೇ ಕಟ್ಟುವ ಸಭೆಯನ್ನು. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ, ಮೊದಲನೆಯದಕ್ಕೆ ಸಲ್ಲಬೇಕಾದ ಗೌರವ ಎರಡನೆಯದಕ್ಕೆ ಪುಕ್ಕಟೆಯಾಗಿ ದೊರೆಯುತ್ತಿದೆ.

ವಕೀಲರು: ಆ ಕಿಟಕಿಯನ್ನೂ ಮುಚ್ಚಿದರಲ್ಲ! ಅದೇ ವರ್ಷ ಅಕ್ಟೋಬರಿನ ಅಧಿವೇಶನದಲ್ಲಿ ಸಭಾಧ್ಯಕ್ಷ ಕಾಗೇರಿಯವರು ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು ಸದನದೊಳಗೆ ಬಿಡಲಿಲ್ಲ. ದೂರದರ್ಶನದವರು ತೆಗೆದದ್ದನ್ನು ಪಡೆದುಕೊಳ್ಳಿ ಎಂದರು. ಅದೇ ತಿಂಗಳು ಏನಾಯಿತು? ನಮ್ಮ ತಾಲ್ಲೂಕಿನವರೇ ಆದ ಇಬ್ಬರು ಮುಖಂಡರು, ಹುಣಸೂರಿನ ಶಾಸಕಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದ ವಿಶ್ವನಾಥರು ಮತ್ತು ಆಗ ಕೃಷ್ಣರಾಜನಗರದ ಶಾಸಕರಾಗಿದ್ದ ಸಾ.ರಾ. ಮಹೇಶರು, ಹಣದ ಆಮಿಷವನ್ನು ಕುರಿತ ಆರೋಪ ಪ್ರತ್ಯಾರೋಪಗಳನ್ನು ಹೊತ್ತು ಆಣೆ ಪ್ರಮಾಣಕ್ಕೆಂದು ಚಾಮುಂಡಿಬೆಟ್ಟ ಹತ್ತಿದರು. ಕ್ಯಾಮೆರಾಗಳೂ ಅವರ ಹಿಂದೆ ಬೆಟ್ಟ ಹತ್ತಿದವು. ಸದನದಿಂದ ಹೊರದಬ್ಬಿಸಿಕೊಂಡ ಚರ್ಚೆ ದೇವಸ್ಥಾನದ ಬಾಗಿಲಿಗೆ ಹೋಯಿತು.

ಮೇಷ್ಟ್ರು: ಇಬ್ಬರಲ್ಲಿ ಯಾರ ಮಾತು ಸತ್ಯವೆಂಬುದನ್ನು ತೀರ್ಮಾನಿಸುವ ಅಧಿಕಾರ ನನಗಿಲ್ಲ, ಆ ಗೋಜಿಗೆ ನಾನು ಹೋಗುವುದೂ ಇಲ್ಲ. ಕ್ಯಾಮೆರಾಗಳನ್ನು ಸದನದಿಂದ ಹೊರಗಿಟ್ಟದ್ದು ತಪ್ಪೆಂಬ ನಿನ್ನ ಮಾತನ್ನೂ ಒಪ್ಪುತ್ತೇನೆ. ಆದರೆ ಒಂದನ್ನು ಗಮನಿಸು. ವಿಚಾರಣೆಗೆ ಒಳಪಡಬೇಕಾದ ಒಂದು ಆರೋಪ, ಸಾಕ್ಷ್ಯವನ್ನು ಕೇಳುವ ಯಾವ ಸಭೆಯ ಮುಂದೆಯೂ ಹೋಗದೆ ದೇವರ ಮುಂದೆ ಹೋಗಬೇಕಾಯಿತೆಂದರೆ, ಸ್ಟುಡಿಯೋಗಳಲ್ಲಿ ಅಷ್ಟು ದಿನ ನಡೆದ ವಾದವಿವಾದಗಳಿಗೆ ನಿರ್ಣಯದ ಸಾಮರ್ಥ್ಯ ಲವಲೇಶವೂ ಇರಲಿಲ್ಲವೆಂದು ಅವುಗಳಲ್ಲಿ ಪಾಲ್ಗೊಂಡವರೇ ಒಪ್ಪಿಕೊಂಡಂತಾಗಲಿಲ್ಲವೆ?

ವಕೀಲರು: ನಿರ್ಣಯ ಮಾಡುವುದು ಪತ್ರಿಕೆಯ ಕೆಲಸವೂ ಅಲ್ಲ, ಟೆಲಿವಿಷನ್ನಿನ ಕೆಲಸವೂ ಅಲ್ಲ. ವಿಷಯವನ್ನು ನಾಲ್ಕು ಜನರ ಮುಂದಿಟ್ಟರೆ ಸಾಲದೆ?

ಮೇಷ್ಟ್ರು: ಮುಂದಿಡುತ್ತಾರೆಯೆ ಎಂಬುದೇ ನನ್ನ ಪ್ರಶ್ನೆ. ಲೆಕ್ಕ ಹಾಕೋಣ. ಒಂದು ಗಂಟೆಯ ಕಾರ್ಯಕ್ರಮದಲ್ಲಿ ಜಾಹೀರಾತಿಗೆ ಕೇಬಲ್ ಟೆಲಿವಿಷನ್ ನಿಯಮಗಳು ಅವಕಾಶ ಕೊಟ್ಟಿರುವುದು 12 ನಿಮಿಷ. ಉಳಿದ 48ರಲ್ಲಿ ಮೂರನೆಯ ಒಂದು ಪಾಲನ್ನು ನಿರೂಪಕನೇ ಆಡುತ್ತಾನೆಂದು ಉದಾರವಾಗಿ ಎಣಿಸಿದರೂ ಮಿಕ್ಕದ್ದು 32 ನಿಮಿಷ. ಆರು ಜನ ಅತಿಥಿಗಳು ಕುಳಿತರೆ ಒಬ್ಬೊಬ್ಬನಿಗೆ ಐದು ನಿಮಿಷಕ್ಕೆ ಸ್ವಲ್ಪ ಮೇಲೆ. ಅದೂ ಇನ್ನೊಬ್ಬನು ಬಾಯಿ ಹಾಕದಿದ್ದರೆ. 1858ರಲ್ಲಿ ಅಮೆರಿಕದ ಇಲಿನಾಯ್ಸ್ ಪ್ರಾಂತದಲ್ಲಿ ಲಿಂಕನ್ ಮತ್ತು ಡಗ್ಲಾಸ್ ಎಂಬಿಬ್ಬರು ಸೆನೆಟ್ಟಿನ ಸ್ಥಾನಕ್ಕಾಗಿ ಏಳು ಊರುಗಳಲ್ಲಿ ಎದುರುಬದುರಾಗಿ ವಾದಿಸಿದರು. ಮೊದಲು ಮಾತನಾಡುವವನಿಗೆ 60 ನಿಮಿಷ, ಉತ್ತರ ಹೇಳುವವನಿಗೆ 90, ಮರಳಿ ಮೊದಲನೆಯವನಿಗೆ 30. ಗುಲಾಮಗಿರಿಗಿಂತ ಉರಿಯುವ ವಿವಾದ ಆ ದೇಶದಲ್ಲಿ ಆಗ ಬೇರೆ ಇರಲಿಲ್ಲ. ಆದರೂ ಒಕ್ಕಲುಮಕ್ಕಳು ಮೂರು ಗಂಟೆಗಳ ಕಾಲ ಬಯಲಿನಲ್ಲಿ ನಿಂತು ಕೇಳಿದರು. ಒಬ್ಬನು ತನ್ನ ಪ್ರತಿಪಾದನೆಯನ್ನು ಬುಡದಿಂದ ತುದಿಯವರೆಗೆ ಕಟ್ಟಿ ನಿಲ್ಲಿಸುವುದಕ್ಕೂ ಇನ್ನೊಬ್ಬನು ಅದನ್ನು ಇಟ್ಟಿಗೆ ಇಟ್ಟಿಗೆಯಾಗಿ ಬಿಡಿಸುವುದಕ್ಕೂ ಕಾಲ ಬೇಕು. ಐದು ನಿಮಿಷದಲ್ಲಿ ಸಾಧ್ಯವಾಗುವುದು ಆರೋಪವೊಂದೇ. ಸಮರ್ಥನೆಗೆ ಯಾವಾಗಲೂ ಹೆಚ್ಚು ಹೊತ್ತು ಹಿಡಿಯುತ್ತದೆ.

ವಕೀಲರು: ಅದಕ್ಕೆ ಕಾರಣ ಟಿ.ಆರ್.ಪಿ. ತಾನೆ? ಮೀಟರು ಕೂರಿಸಿದ ಕೆಲವೇ ಮನೆಗಳು ವಾರವಾರ ಏನನ್ನು ನೋಡಿದವೆಂಬುದರ ಮೇಲೆ ಜಾಹೀರಾತಿನ ದರ ನಿಂತಿರುವಾಗ, ನಿರೂಪಕನ ಕೈಯಲ್ಲಾದರೂ ಏನಿದೆ?

ಮೇಷ್ಟ್ರು: ನಾನೂ ಹಾಗೆಯೇ ತಿಳಿದಿದ್ದೆ. ಆದರೆ 2020ರ ಅಕ್ಟೋಬರಿನಿಂದ 2022ರ ಮಾರ್ಚಿಯವರೆಗೆ, ಟಿ.ಆರ್.ಪಿ. ತಿರುಚಿದ ಆರೋಪದ ಹಗರಣವೆದ್ದ ಮೇಲೆ, ಸುದ್ದಿವಾಹಿನಿಗಳ ಅಂಕಿಗಳನ್ನು ಪ್ರಕಟಿಸುವುದನ್ನೇ, ಆ ಅಂಕಿಗಳನ್ನು ಅಳೆಯುವ ಬಾರ್ಕ್ ಸಂಸ್ಥೆ ನಿಲ್ಲಿಸಿಬಿಟ್ಟಿತ್ತು. ಹೆಚ್ಚುಕಡಮೆ ಒಂದೂವರೆ ವರ್ಷ. ಅಷ್ಟು ಕಾಲವೂ ರಾತ್ರಿಯ ಚರ್ಚೆಗಳು ತಗ್ಗಿದ ದನಿಯಲ್ಲಿ ನಡೆದದ್ದನ್ನು ನೀನೇನಾದರೂ ಕೇಳಿದೆಯಾ? ನಾನಂತೂ ಕೇಳಲಿಲ್ಲ. ಅಂಕಿಗಳ ಆಸೆಯಿಂದ ಹುಟ್ಟಿದ ರೂಢಿ, ಅಂಕಿಗಳಿಲ್ಲದಿರುವಾಗಲೂ ಬದುಕುವಷ್ಟು ಬಲಿತಿತ್ತು.

ವಕೀಲರು: ಹಾಗಾದರೆ ತಮ್ಮ ಮುಖ್ಯ ಆಕ್ಷೇಪ ಕೂಗಾಟದ ಮೇಲೆ ಎನ್ನೋಣವೆ?

ಮೇಷ್ಟ್ರು: ಅಲ್ಲ. ಕೂಗಾಟವನ್ನು ನಾನು ಕ್ಷಮಿಸಬಲ್ಲೆ. ನಮ್ಮ ಊರಿನ ಪಂಚಾಯಿತಿಯಲ್ಲಿಯೂ ಕೂಗಾಟ ಉಂಟು, ಹೊಟ್ಟೆಯ ಸಂಕಟ ಮೆಲ್ಲಗೆ ಮಾತನಾಡದು. ಕ್ಷಮಿಸಲಾರದ್ದು ಬೇರೊಂದುಂಟು. ಉದಾಹರಣೆಗೆ 2023ರ ಸೆಪ್ಟೆಂಬರನ್ನು ತೆಗೆದುಕೋ. ಮಳೆ ಕೈಕೊಟ್ಟ ವರ್ಷ. ತಮಿಳುನಾಡಿಗೆ 5,000 ಕ್ಯೂಸೆಕ್‌ನಂತೆ 15 ದಿವಸ ನೀರು ಹರಿಸಬೇಕೆಂದು ಕಾವೇರಿ ಪ್ರಾಧಿಕಾರದ ಆದೇಶ. ಸುಪ್ರೀಂ ಕೋರ್ಟು ಮಧ್ಯೆ ಪ್ರವೇಶಿಸಲು ಒಪ್ಪಲಿಲ್ಲ. ಬೆಂಗಳೂರು ಬಂದ್, ಅದರ ಬೆನ್ನಿಗೆ ಕರ್ನಾಟಕ ಬಂದ್. ಆ ವಾರಗಳಲ್ಲಿ ನಾನು ಪ್ರತಿ ರಾತ್ರಿ ತಪ್ಪದೆ ಚರ್ಚೆಗಳನ್ನು ನೋಡಿದೆ. ಒಬ್ಬರು ಕ್ಯೂಸೆಕ್ ಎನ್ನುವರು, ಇನ್ನೊಬ್ಬರು ಟಿ.ಎಂ.ಸಿ. ಎನ್ನುವರು, ಮೂರನೆಯವರು ಅಡಿ ಎನ್ನುವರು. ಕ್ಯೂಸೆಕ್ ಎಂಬುದು ಸೆಕೆಂಡಿಗೆ ಹರಿಯುವ ನೀರಿನ ಅಳತೆ, ಟಿ.ಎಂ.ಸಿ. ಎಂಬುದು ನಿಂತ ನೀರಿನ ಮೊತ್ತ, ಸುಮಾರು 11,574 ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿ.ಎಂ.ಸಿ. ಎಂಬ ಇಷ್ಟು ಚಿಕ್ಕ ಲೆಕ್ಕವನ್ನು ನಾನು ನೋಡಿದ ಯಾವ ಚರ್ಚೆಯಲ್ಲಿಯೂ ಯಾರೂ ಬಿಡಿಸಿ ಹೇಳಲಿಲ್ಲ. ಹೇಳಿದ್ದರೆ, 15 ದಿನದ ಆದೇಶವೆಂದರೆ ಸುಮಾರು ಆರೂವರೆ ಟಿ.ಎಂ.ಸಿ.ಯೆಂದೂ, ತುಂಬಿದರೆ 124.80 ಅಡಿ ನಿಂತು 49.45 ಟಿ.ಎಂ.ಸಿ. ಹಿಡಿಯುವ ಕೃಷ್ಣರಾಜಸಾಗರಕ್ಕೆ ಅದು ಎಂಟರಲ್ಲೊಂದು ಪಾಲೆಂದೂ, ಅಂದು ಅಣೆಕಟ್ಟು ತುಂಬಿರಲಿಲ್ಲವಾದ್ದರಿಂದ ಪಾಲು ಇನ್ನೂ ದೊಡ್ಡದೆಂದೂ, ಆದರೆ ಬಿಳಿಗುಂಡ್ಲುವಿನಲ್ಲಿ ಅಳೆಯುವ ಆ ನೀರಿನಲ್ಲಿ ಹೆಗ್ಗಡದೇವನಕೋಟೆಯ ಕಬಿನಿಯ ಪಾಲೂ ಉಂಟೆಂದೂ ನಮ್ಮ ರೈತನು ತಾನೇ ಕೂಡಿ ಕಳೆದು ನೋಡುತ್ತಿದ್ದ. ಅವನ ಕೋಪ ಕಡಮೆಯಾಗುತ್ತಿತ್ತೆಂದು ನಾನು ಹೇಳೆನು. ಪ್ರಾಯಶಃ ಹೆಚ್ಚುತ್ತಿತ್ತು. ಆದರೆ ಅದು ತಿಳಿದವನ ಕೋಪವಾಗುತ್ತಿತ್ತು. ಅಂಥ ಕೋಪ ಅಧಿಕಾರಿಯ ಮೇಜಿನ ಮುಂದೆ ನಿಂತು ಲೆಕ್ಕ ಕೇಳುತ್ತದೆ, ಬಸ್ಸಿಗೆ ಬೆಂಕಿ ಹಚ್ಚುವುದಿಲ್ಲ.

ವಕೀಲರು: ಇನ್ನೊಂದನ್ನು ಸೇರಿಸುತ್ತೇನೆ. ಆ ಚರ್ಚೆಗಳಲ್ಲಿ ಕಾವೇರಿಯೆಂದರೆ ಕೃಷ್ಣರಾಜಸಾಗರ, ಕೃಷ್ಣರಾಜಸಾಗರವೆಂದರೆ ಮಂಡ್ಯ. ಆ ಅಣೆಕಟ್ಟಿಗೂ ಮೇಲ್ಭಾಗದಲ್ಲಿ, ನದಿಗೆ ಅಡ್ಡಲಾಗಿ ಕಟ್ಟಿದ ಹಳೆಯ ಒಡ್ಡುಗಳಿಂದ ನೀರು ಪಡೆಯುವ ನಮ್ಮ ಚಾಮರಾಜ ಎಡದಂಡೆ, ಬಲದಂಡೆ ನಾಲೆಗಳ ಸುದ್ದಿಯೇ ಇರಲಿಲ್ಲ. ಭತ್ತದ ಕಣಜವೆಂದು ಹೆಸರಾದ ತಾಲ್ಲೂಕು ಇದು. ನಾಟಿ ಮಾಡಿದ ಪೈರಿಗೆ ಕಟ್ಟುನೀರಿನ ಸರದಿ ಎಂದಿನಿಂದ, ಎಷ್ಟು ದಿನಕ್ಕೊಮ್ಮೆ ಎಂಬುದು ಇಲ್ಲಿಯ ಸಾವಿರಾರು ಮನೆಗಳ ಪ್ರಶ್ನೆ. ಅದನ್ನು ಕೇಳುವವರಿಲ್ಲ.

ಮೇಷ್ಟ್ರು: ಕೇಳಿದವನಿಗೆ ಏನಾಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2019ರ ಲೋಕಸಭಾ ಚುನಾವಣೆಯಲ್ಲಿ, ನಮ್ಮ ವಿಧಾನಸಭಾ ಕ್ಷೇತ್ರ ಮಂಡ್ಯಕ್ಕೆ ಸೇರಿದ್ದರಿಂದ, ಎಲ್ಲ ವಾಹಿನಿಗಳ ವ್ಯಾನುಗಳೂ ಪಟ್ಟಣಕ್ಕೆ ಬಂದವು. ಒಂದು ವಾಹಿನಿಯವರು ವೃತ್ತದಲ್ಲಿ ಬಹಿರಂಗ ಚರ್ಚೆ ಏರ್ಪಡಿಸಿದ್ದರು. ಜನರನ್ನು ಮೊದಲು ಎರಡು ಗುಂಪಾಗಿ ನಿಲ್ಲಿಸಿದರು, ಅಭ್ಯರ್ಥಿಗಳಲ್ಲಿ ಸುಮಲತಾ ಕಡೆಯವರು ಇತ್ತ, ನಿಖಿಲ್ ಕಡೆಯವರು ಅತ್ತ. ಎರಡು ಕಡೆಗೂ ಸೇರದವರನ್ನು ಹಿಂದಕ್ಕೆ ಸರಿಯುವಂತೆ ಹೇಳಿದರು; ನಾನೂ ಹಿಂದಕ್ಕೆ ಸರಿದೆ. ಹೆಗಲ ಮೇಲೆ ಹಸಿರು ಶಾಲು ಹೊದ್ದ ವೃದ್ಧರೊಬ್ಬರನ್ನು ಮಾತ್ರ ನೋಟಕ್ಕೆ ಚೆನ್ನಾಗಿರುತ್ತದೆಂದು ಮುಂದಕ್ಕೆ ಕರೆದು ಮೈಕು ಹಿಡಿದರು. ಅವರು ಗಂಟಲು ಸರಿಪಡಿಸಿಕೊಂಡು, “ಸ್ವಾಮಿ, ನಮ್ಮ ತೂಬಿನಿಂದಾಚೆಗೆ ನಾಲೇಲಿ ಹೂಳು ತುಂಬ್ಕಂಡು ಕಡೇ ಗದ್ದೆಗೆ ನೀರು ಹತ್ತಾ ಇಲ್ಲ...” ಎಂದು ಆರಂಭಿಸಿದರು. ಮೈಕು ಹಿಡಿದ ಹುಡುಗ, “ಅದಿರ್ಲಿ ಯಜಮಾನ್ರೇ, ಓಟು ಯಾರಿಗೆ?” ಎಂದು ತಡೆದ. ಯಜಮಾನರು ಒಂದು ಕ್ಷಣ ಸುಮ್ಮನಿದ್ದು ಮತ್ತೆ, “ಹೂಳು ಎತ್ಸೋರಿಗೆ” ಎಂದರು. ಅಷ್ಟರಲ್ಲಿ ಮೈಕು ಅವರ ಮುಂದಿನಿಂದ ಹೋಗಿಯಾಗಿತ್ತು. ಆ ರಾತ್ರಿ ಪ್ರಸಾರವಾದ ಚರ್ಚೆಯಲ್ಲಿ ಅವರ ಮುಖ ಕಂಡಿತು, ಶಾಲು ಕಂಡಿತು. ಹೂಳಿನ ಮಾತು ಇರಲಿಲ್ಲ. ಯಾರನ್ನು ಕುರಿತು ಚರ್ಚೆಯೋ ಅವನು ಅಲ್ಲಿ ಚಿತ್ರವಾಗಿ ಇರಬಹುದು, ವಾದಿಯಾಗಿ ಇರಕೂಡದು. ನಾನು ಇಡೀ ವ್ಯವಸ್ಥೆಯ ಮೇಲೆ ಹೊರಿಸುವ ದೋಷ ಇದೊಂದೇ. ಮಿಕ್ಕವೆಲ್ಲ ಇದರ ಮಕ್ಕಳು.

ವಕೀಲರು: ನ್ಯಾಯಾಲಯದ ಭಾಷೆಯಲ್ಲಿ ಹೇಳುವುದಾದರೆ, ಹಿತಾಸಕ್ತಿಯುಳ್ಳ ಪಕ್ಷಕಾರನನ್ನು ದಾವೆಯಲ್ಲಿ ಸೇರಿಸಿಯೇ ಇಲ್ಲ. ಸಿವಿಲ್ ದಾವೆಯಲ್ಲಿ ಸಾಕ್ಷಿಯನ್ನು ಕರೆಯುವುದಕ್ಕೆ ಮೊದಲು ನ್ಯಾಯಾಧೀಶರು ವಿವಾದಾಂಶಗಳನ್ನು ರಚಿಸುತ್ತಾರೆ: ವಾದಿ ಇದನ್ನು ರುಜುವಾತುಪಡಿಸುತ್ತಾನೆಯೇ, ಪ್ರತಿವಾದಿ ಅದನ್ನು ರುಜುವಾತುಪಡಿಸುತ್ತಾನೆಯೇ ಎಂದು. ರುಜುವಾತಿನ ಭಾರ ಯಾರ ಮೇಲಿದೆಯೆಂಬುದು ಅದರಲ್ಲಿಯೇ ಸ್ಪಷ್ಟ. ಆಮೇಲೆ ಕಟಕಟೆ ಹತ್ತಿದ ಸಾಕ್ಷಿ ಪಾಟೀಸವಾಲಿಗೆ ಉತ್ತರ ಕೊಟ್ಟಲ್ಲದೆ ಇಳಿಯುವಂತಿಲ್ಲ. ಹೇಳಿದ್ದು ದಾಖಲಾಗುತ್ತದೆ, ಅದರ ಕೆಳಗೆ ಅವನ ರುಜು ಬೀಳುತ್ತದೆ. ಟಿ.ವಿ. ಚರ್ಚೆಯ ತಲೆಬರಹಗಳನ್ನು ನೋಡಿ. ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಬಿಟ್ಟರೆ ತೀರ್ಪೇ ಅಲ್ಲಿ ಬರೆದಿರುತ್ತದೆ.

ಮೇಷ್ಟ್ರು: ನಮ್ಮ ನೈಯಾಯಿಕರೂ ಇದನ್ನೇ ಬೇರೆ ದಾರಿಯಿಂದ ಕಂಡುಕೊಂಡಿದ್ದರು. ಗೌತಮನ ನ್ಯಾಯಸೂತ್ರಗಳಲ್ಲಿ 22 ನಿಗ್ರಹಸ್ಥಾನಗಳನ್ನು ಎಣಿಸಿದೆ. ಅವು ವಾದಿ ಸೋತನೆಂದು ಹೇಳಿ ನಿಲ್ಲಿಸಬೇಕಾದ ಎಡೆಗಳು. ಪ್ರಕೃತವನ್ನು ಬಿಟ್ಟು ಬೇರೊಂದನ್ನು ಹೇಳತೊಡಗಿದರೆ ಅರ್ಥಾಂತರ, ಅಲ್ಲಿಗೆ ಸೋಲು. ಆಡಿದ್ದನ್ನೇ ಆಡಿದರೆ ಪುನರುಕ್ತ, ಅಲ್ಲಿಯೂ ಸೋಲು. ಇವೆರಡನ್ನೇ ಜಾರಿಗೆ ತಂದರೂ ಇಂದಿನ ವಕ್ತಾರರಲ್ಲಿ ಎಷ್ಟು ಮಂದಿ ಹತ್ತು ನಿಮಿಷ ಕುರ್ಚಿಯಲ್ಲಿ ಉಳಿಯಬಲ್ಲರು? ಒಬ್ಬ ಮಂತ್ರಿಯ ಅವ್ಯವಹಾರವನ್ನು ಕೇಳಿದರೆ ಹಿಂದಿನ ಸರಕಾರದ ಅವ್ಯವಹಾರವೇ ಉತ್ತರವಾಗಿ ಬರುತ್ತದೆ. ಅದನ್ನು ಉತ್ತರವೆಂದು ಸ್ವೀಕರಿಸಿ ನಿರೂಪಕನು ಮುಂದಿನವನ ಕಡೆಗೆ ತಿರುಗುತ್ತಾನೆ.

ವಕೀಲರು: ಕಾನೂನಿನ ಅಂಕುಶ ಒಂದಿಷ್ಟು ಇದೆಯಲ್ಲ, ಮೇಷ್ಟ್ರೇ. ಆಕಾಶದ ತರಂಗಗಳು ಸಾರ್ವಜನಿಕ ಸೊತ್ತೆಂದು ಸುಪ್ರೀಂ ಕೋರ್ಟು 1995ರಲ್ಲಿಯೇ ಹೇಳಿತು. ಕರ್ನಾಟಕದ ಹಿಜಾಬ್ ವಿವಾದದ ಮೇಲೆ 2022ರ ಏಪ್ರಿಲಿನಲ್ಲಿ ಹಿಂದಿ ವಾಹಿನಿಯೊಂದು ನಡೆಸಿದ ಚರ್ಚೆ ಹದ್ದುಮೀರಿತೆಂದು, ಸುದ್ದಿಪ್ರಸಾರಕರ ಸ್ವನಿಯಂತ್ರಣ ಪ್ರಾಧಿಕಾರ ಅದೇ ಅಕ್ಟೋಬರಿನಲ್ಲಿ 50,000 ರೂಪಾಯಿ ದಂಡ ವಿಧಿಸಿತು.

ಮೇಷ್ಟ್ರು: ಆರು ತಿಂಗಳ ಮೇಲೆ. ಐವತ್ತು ಸಾವಿರ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದವನು. ಈ ವಿಷಯದಲ್ಲಿ ನನಗೆ ಸಮಚಿತ್ತ ಸಾಧ್ಯವಿಲ್ಲ. ಆ ವರ್ಷದ ಫೆಬ್ರವರಿಯಲ್ಲಿ ಶಾಲೆಯ ಗೇಟಿನ ಬಳಿ, ಪುಸ್ತಕದ ಚೀಲ ಹೊತ್ತ ಮಕ್ಕಳ ಹಿಂದೆ ಕ್ಯಾಮೆರಾ ಹಿಡಿದವರು ಓಡಿದ್ದನ್ನು ನಾಡೆಲ್ಲ ನೋಡಿತು. ಸಮವಸ್ತ್ರದ ನಿಯಮ ಸಾಧುವೋ ಅಲ್ಲವೋ, ಅದು ವಿವಾದಕ್ಕೆ ಅರ್ಹವಾದ ಪ್ರಶ್ನೆ. ಹೈಕೋರ್ಟು ಮಾರ್ಚಿ 15ರಂದು ಒಂದು ತೀರ್ಪು ಕೊಟ್ಟಿತು, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಅಕ್ಟೋಬರಿನಲ್ಲಿ ಭಿನ್ನ ತೀರ್ಪುಗಳನ್ನು ಬರೆದರು. ಇಬ್ಬರು ನ್ಯಾಯಮೂರ್ತಿಗಳು ವಾರಗಟ್ಟಲೆ ಯೋಚಿಸಿ ಒಮ್ಮತಕ್ಕೆ ಬಾರದ ಪ್ರಶ್ನೆಯನ್ನು ಹದಿನಾರು ವರ್ಷದ ಹುಡುಗಿಯ ಮುಖಕ್ಕೆ ಮೈಕು ಹಿಡಿದು ದಾರಿಯಲ್ಲಿ ಕೇಳಬಹುದೆ? ಅವಳ ಪರೀಕ್ಷೆ ಹೋಯಿತು, ಗೆಳತಿಯರ ನಡುವೆ ಇದ್ದ ಸಲಿಗೆ ಹೋಯಿತು. ಸ್ಟುಡಿಯೋದಲ್ಲಿ ಕುಳಿತವರಾದರೋ ಆ ಮಗುವಿನ ಧರ್ಮವನ್ನು ಅರಿತವರಲ್ಲ, ಆ ಶಾಲೆಯನ್ನು ಕಂಡವರಲ್ಲ. ಅಂಥ ಮಗುವಿಗೆ ಯಾವ ಪ್ರಾಧಿಕಾರ ಯಾವ ದಂಡದಿಂದ ಪರಿಹಾರ ಕೊಟ್ಟೀತು?

ವಕೀಲರು: ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಚರ್ಚೆಯನ್ನೇ ಕೈಬಿಟ್ಟರೆ ಅಂಥ ಮಗುವಿನ ಪರವಾಗಿ ಮಾತನಾಡುವವನಿಗೂ ಸ್ಥಳವಿರುವುದಿಲ್ಲ. ತಮ್ಮ ಮನಸ್ಸಿನಲ್ಲಿರುವ ಚರ್ಚೆ ಎಂಥದು, ಅದನ್ನು ಹೇಳಿ.

ಮೇಷ್ಟ್ರು: ದೂರ ಹೋಗಬೇಕಾಗಿಲ್ಲ, ಮೈಸೂರಿನವರೆಗೆ ಹೋದರೆ ಸಾಕು. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು ದಸರೆಯ ಸಂದರ್ಭದಲ್ಲಿ ಕೂಡಿಸಿದ ಮೊದಲ ಪ್ರಜಾಪ್ರತಿನಿಧಿ ಸಭೆಗೆ 144 ಮಂದಿ ಬಂದಿದ್ದರು. ನಮ್ಮ ತಾಲ್ಲೂಕಿಗೆ ಆ ಕಾಲದಲ್ಲಿ ಎಡತೊರೆಯೆಂದು ಹೆಸರು. ತಾಲ್ಲೂಕು ತಾಲ್ಲೂಕಿನಿಂದ ಬಂದ ರೈತರೂ ವರ್ತಕರೂ ದಿವಾನರ ಎದುರು ನಿಂತು, ನಮ್ಮ ಕೆರೆ ಒಡೆದಿದೆ, ನಮ್ಮ ದಾರಿ ಕೆಟ್ಟಿದೆ, ಕಂದಾಯ ಹೊರಲಾರದಷ್ಟಾಗಿದೆಯೆಂದು ಅಹವಾಲು ಹೇಳಿಕೊಳ್ಳುವ ಪದ್ಧತಿ ಅಲ್ಲಿಂದ ಬೆಳೆದು 1949ರವರೆಗೆ ನಡೆದುಬಂದಿತು. ಆ ಸಭೆಗೆ ಬಹುಕಾಲ ಅಧಿಕಾರವೇನೂ ಇರಲಿಲ್ಲ. ಆದರೆ ಕೇಳಿದವನು ಯಾರು, ಕೇಳಿದ್ದೇನು, ಸರಕಾರ ಕೊಟ್ಟ ಉತ್ತರವೇನು ಎಂಬ ಮೂರೂ ಅಚ್ಚಾಗುತ್ತಿದ್ದವು. ಮರುವರ್ಷ ಅದೇ ರೈತ ಅದೇ ಅಚ್ಚಿನ ಪುಸ್ತಕವನ್ನು ಹಿಡಿದು ಬಂದು ಕೇಳಬಹುದಾಗಿತ್ತು.

ವಕೀಲರು: ಆ ಚಿತ್ರಕ್ಕೆ ಇನ್ನೊಂದು ಮಗ್ಗುಲೂ ಇದೆ. ಬಂದವರೆಲ್ಲ ಹಿಡುವಳಿಯುಳ್ಳವರು, ಕಂದಾಯ ಕಟ್ಟುವವರು. ನಮ್ಮ ತಾಯಿಯಂಥವರಿಗೆ 1923ರವರೆಗೆ ಅದರ ಬಾಗಿಲೇ ತೆರೆದಿರಲಿಲ್ಲ. ತೆರೆದ ಮೇಲೂ ಆಸ್ತಿಯಿಲ್ಲದವಳಿಗೆ ಮತವಿರಲಿಲ್ಲ. ಹೆಗ್ಗಡದೇವನಕೋಟೆಯ ಕಾಡಿನಂಚಿನ ಹಾಡಿಯ ಜೇನುಕುರುಬನೊಬ್ಬ ದಿವಾನರೆದುರು ನಿಂತು ಅಹವಾಲು ಹೇಳಿದ್ದನ್ನು ಊಹಿಸಬಲ್ಲಿರಾ? ಟೆಲಿವಿಷನ್ನಿಗೆ ಇರುವ ದೋಷ ಆ ಸಭೆಗೂ ಇತ್ತು.

ಮೇಷ್ಟ್ರು: ಇತ್ತು, ಒಪ್ಪಿದೆ. ಆದರೆ ಹಾಡಿಯವನಿಗೆ ಇಂದಾದರೂ ಏನು ದೊರಕಿದೆ? ನಾಗರಹೊಳೆಯ ಕಾಡಿನಿಂದ ಹೊರಬಿದ್ದ ಕುಟುಂಬಗಳ ಭೂಮಿಯ ಪ್ರಶ್ನೆ ಹುಲಿಯೊಂದು ಊರಿಗೆ ನುಗ್ಗಿದ ದಿನ ಮಾತ್ರ ತೆರೆಗೆ ಬರುತ್ತದೆ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬೆಳೆಗಾರನ ಗತಿಯನ್ನು ನೋಡು. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 2004ರಲ್ಲಿ ಒಪ್ಪಿಗೆ ಕೊಟ್ಟಿತು. ಬ್ಯಾರನ್ನು ಕಟ್ಟಲು ಸಾಲ ಮಾಡಿ, ಹದಮಾಡಲು ಸೌದೆ ಹೊಂದಿಸಿ, ಹರಾಜುಕಟ್ಟೆಯಲ್ಲಿ ದರ ಕೂಗುವವನ ಬಾಯಿ ನೋಡುತ್ತ ನಿಲ್ಲುವ ಆ ರೈತನು ಹೊಗೆಸೊಪ್ಪಿನ ಬದಲು ಏನನ್ನು ಬೆಳೆಯಬೇಕು? ಇದು ವಿವಾದದ ಪ್ರಶ್ನೆಯೇ ಸರಿ, ರಾಜಕೀಯದ ಪ್ರಶ್ನೆಯೂ ಹೌದು. ಇದರ ಮೇಲೆ ಒಂದು ರಾತ್ರಿಯಾದರೂ ಚರ್ಚೆ ನಡೆದದ್ದನ್ನು ನಾನು ಕಂಡಿಲ್ಲ. ಏಕೆಂದರೆ ಇದರಲ್ಲಿ ಎರಡು ಗುಂಪು ಮಾಡಿ ಎದುರುಬದುರು ನಿಲ್ಲಿಸಲು ಬರುವುದಿಲ್ಲ.

ವಕೀಲರು: ಹಾಗಿದ್ದರೆ ನಾವೇ ಒಂದನ್ನು ಮಾಡಿ ನೋಡೋಣ. ನಿಲ್ಲಿಸಬೇಕೆಂದು ಹೇಳುವುದಕ್ಕಿಂತ ಅದು ಮೇಲು. ಮುಂಗಾರಿನ ನಾಟಿಗೆ ಮೊದಲು, ನಾಲೆಯ ಹೂಳು ಮತ್ತು ನೀರಿನ ಸರದಿ, ಈ ಎರಡೇ ವಿವಾದಾಂಶ. ನೀರಾವರಿ ಇಲಾಖೆಯ ಇಂಜಿನಿಯರನ್ನು ಕರೆಯೋಣ, ಶಾಸಕರನ್ನೂ ಸೋತ ಅಭ್ಯರ್ಥಿಗಳನ್ನೂ ಕರೆಯೋಣ.

ಮೇಷ್ಟ್ರು: ವೇದಿಕೆಯ ಮೇಲೆ ಕೂರುವವರು ಉತ್ತರ ಹೇಳಬೇಕಾದವರು ಮಾತ್ರ. ಪ್ರಶ್ನೆ ಕೇಳುವವರು ಕಡೇ ಗದ್ದೆಯವರಿಂದ ಆರಂಭವಾಗಬೇಕು, ತೂಬಿನ ಪಕ್ಕದವರು ಕೊನೆಗೆ. ಒಬ್ಬರು ಕೇಳಿದ್ದಕ್ಕೆ ಉತ್ತರ ಬರುವವರೆಗೆ ಮತ್ತೊಬ್ಬರು ಏಳಕೂಡದು. ಬರೆದುಕೊಳ್ಳುವವರು ಇಬ್ಬರು ಬೇಕು. ಎರಡನ್ನೂ ತಾಳೆ ನೋಡಿ, ಉತ್ತರ ಕೊಟ್ಟವರ ರುಜು ಹಾಕಿಸಬೇಕು.

ವಕೀಲರು: ಕ್ಯಾಮೆರಾ?

ಮೇಷ್ಟ್ರು: ಬರಲಿ. ನಿನ್ನ ತಾಯಿಯ ವಿಷಯ ಕೇಳಿದ ಮೇಲೆ ಬೇಡವೆನ್ನಲಾರೆ. ಅಕ್ಷರ ಬಾರದವರಿಗೆ ನಮ್ಮ ಬರವಣಿಗೆಯಿಂದ ಏನು ಪ್ರಯೋಜನ? ಆದರೆ ತೋರಿಸಿದರೆ ಪೂರ್ತಿ ತೋರಿಸಬೇಕೆಂದು ಕರಾರು ಮಾಡಿಕೊಳ್ಳಬೇಕು.

ವಕೀಲರು: ಮೂರು ಗಂಟೆಯ ಸಭೆಯನ್ನು ಯಾವ ವಾಹಿನಿಯೂ ಪೂರ್ತಿ ತೋರಿಸುವುದಿಲ್ಲ. ಎರಡು ನಿಮಿಷದ ಜಗಳವೇನಾದರೂ ನಡೆದರೆ ಅಷ್ಟನ್ನೇ ಕತ್ತರಿಸಿ ಹಾಕುತ್ತಾರೆ. ಮೊಬೈಲು ಹಿಡಿದ ನಮ್ಮ ಹುಡುಗರೇ ಹಾಕಿಯಾರು.

ಮೇಷ್ಟ್ರು: ಹಾಗಾದರೆ ನಮ್ಮ ಹುಡುಗರಲ್ಲಿ ಒಬ್ಬನಿಗೇ ಆ ಕೆಲಸ ವಹಿಸಿ, ಆದಿಯಿಂದ ಅಂತ್ಯದವರೆಗೆ ತೆಗೆಸಿ, ನಾವೇ ಇಡೀ ಊರಿಗೆ ಹಂಚಬೇಕು. ತುಂಡು ನೋಡಿದವನಿಗೆ ಇಡಿಯದು ಎಲ್ಲಿದೆಯೆಂದು ಗೊತ್ತಿರಬೇಕು. ಇಂಜಿನಿಯರು ಬರುವರೆಂಬ ನಂಬಿಕೆ ನಿನಗಿದೆಯೆ?

ವಕೀಲರು: ಬರುವುದು ಅನುಮಾನ. ಬಾರದಿದ್ದರೆ ಸಭೆಯಲ್ಲಿ ಎದ್ದ ಪ್ರಶ್ನೆಗಳನ್ನೆಲ್ಲ ಮಾಹಿತಿ ಹಕ್ಕಿನ ಅರ್ಜಿಯಾಗಿ ಬರೆದು, ಕೇಳಿದವರ ಹೆಸರಿನಲ್ಲಿಯೇ ಸಲ್ಲಿಸುತ್ತೇನೆ; 30 ದಿನದೊಳಗೆ ಉತ್ತರ ಕೊಡಲೇಬೇಕು. ಅಷ್ಟು ಅರ್ಜಿ ಬರೆಯಲು ನನ್ನ ಗುಮಾಸ್ತ ಒಬ್ಬನೇ ಸಾಲುವುದಿಲ್ಲ.

ಮೇಷ್ಟ್ರು: ಹತ್ತನೆಯ ತರಗತಿಯ ಮಕ್ಕಳನ್ನು ಕೂರಿಸಿಕೊಳ್ಳೋಣ. ಅರ್ಜಿ ಬರೆಯುವುದು ಅವರ ಪಠ್ಯದಲ್ಲಿಯೂ ಇದೆ. ಮೊದಲ ಅರ್ಜಿ ನಿನ್ನ ತಾಯಿಯದಾಗಲಿ. ಅವರು ಕೇಳಲಿ, ಯಾವುದಾದರೊಂದು ಮಗು ಬರೆದುಕೊಳ್ಳಲಿ. ಈ ಭಾನುವಾರವೇ ನಾಲೆಯ ಮೇಲೆ ನಡೆದುಹೋಗಿ, ಎಲ್ಲಿಂದ ಎಲ್ಲಿಯವರೆಗೆ ಹೂಳಿದೆಯೆಂದು ತೂಬು ತೂಬಿಗೂ ಗುರುತು ಹಾಕಿಕೊಂಡು ಬರಬೇಕು. ಅದಿಲ್ಲದೆ ನಾವು ಕೇಳುವ ಪ್ರಶ್ನೆಯೂ ಸ್ಟುಡಿಯೋದ ಪ್ರಶ್ನೆಯೇ ಆದೀತು.